ಎಂಟು ಉಂಡೆ ಸ್ವರ

ರಮ್ಯಾಳ ಬಾಯಿ ಬಿಡಿಸಲು ನಾನು ಪಡದ ಪಾಡಿಲ್ಲ. ಬಸವನಗುಡಿಯ ನಮ್ಮ ಮನೆಯ ಹಜಾರದಲ್ಲಿ ಎರಡು ವರ್ಷದಿಂದ ಸಂಗೀತ ಕಲಿಯುತ್ತಿರುವ ಹುಡುಗಿ. ಕಿವಿ ಚುರುಕು, ತಾಳ ತಪ್ಪುವುದಿಲ್ಲ. ಹಾಡು ಎಂದರೆ ಮಾತ್ರ ನೆಲ ನೋಡುತ್ತಾಳೆ. ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟಿರುವ ಅವಳಪ್ಪ ಧರ್ಮರಾಜು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಗುರುಪೂರ್ಣಿಮೆ ಪ್ರೋಗ್ರಾಮಲ್ಲೂ ಹಾಡ್ಲಿಲ್ಲಾಂದ್ರೆ ಬಿಡಿಸ್ಬಿಡ್ತೀನಿ ಮೇಡಂ. ಮಗೂಗೂ ಹಿಂಸೆ, ನಿಮಗೂ ಹಿಂಸೆ."

ನನಗೇನೂ ಹಿಂಸೆಯಿರಲಿಲ್ಲ. ಅಂಥ ಕಿವಿ ಕೈತಪ್ಪುತ್ತದಲ್ಲ ಎಂಬ ಸಂಕಟವಿತ್ತು.

ನಮ್ಮ ಯಜಮಾನರು ವಾದಿರಾಜರು ನಿವೃತ್ತ ಫಿಸಿಕ್ಸ್ ಮೇಷ್ಟ್ರು. ನನ್ನ ಪೇಚಾಟ ನೋಡಲಾರದೆ ಅಂಗೈಯಗಲದ ಸರ್ಕ್ಯೂಟ್ ಬೋರ್ಡ್ ತಂದು, ಯಾರೋ ಪುಣ್ಯಾತ್ಮರು ಎಲ್ಲರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಪ್ರೋಗ್ರಾಮನ್ನು ಅದಕ್ಕೆ ತುಂಬಿ, ನನ್ನ ಒಳ್ಳೆಯ ಟಿಫನ್ ಡಬ್ಬಿಯೊಳಗೆ ಕೂರಿಸಿದರು. ನನ್ನನ್ನು ಕೇಳಲಿಲ್ಲ. ಡಬ್ಬಿಯಿಂದ ಹೊರಟ ಎಂಟು ವೈರಿನ ತುದಿಗೆ ಎಂಟು ಮೊಳೆ. ಮೊಳೆಯನ್ನು ತರಕಾರಿಗೆ ಚುಚ್ಚಿ ತರಕಾರಿ ಮುಟ್ಟಿದರೆ ಸ್ವರ. ಸೌತೆಕಾಯಿ ಷಡ್ಜ, ಬದನೆಕಾಯಿ ಪಂಚಮ. ರಮ್ಯಾ ಮೊದಲ ದಿನವೇ ಸರಳೆ ವರಸೆ ನುಡಿಸಿದಳು, ತುಟಿ ಹೊಲಿದುಕೊಂಡೇ.

"ಈಗ ಬದನೆಕಾಯಿ ಹಾಡ್ತಿದೆ. ಇವಳು ಯಾವಾಗ್ರೀ ಹಾಡೋದು?" ಎಂದೆ.

"ಕೈಗೆ ಧೈರ್ಯ ಬರ್ಲಿ, ಬಾಯಿಗೂ ಬರತ್ತೆ," ಎಂದರು.

ಗುರುಪೂರ್ಣಿಮೆಯ ದಿನ ಪಕ್ಕದ ಮಠದಲ್ಲಿ ಕಾರ್ಯಕ್ರಮ. ಹಾಡದಿದ್ದರೆ ನುಡಿಸಿದರೂ ಆದೀತು ಎಂದು ಒಪ್ಪಿದ್ದ ಧರ್ಮರಾಜು ಆರಿಸಿ ಆರಿಸಿ ಒಂದು ಮಂಕರಿ ತರಕಾರಿ ಹೊತ್ತು ತಂದರು. ಮಠದ ಮ್ಯಾನೇಜರ್ ಬದರೀನಾರಾಯಣರು ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಶಾಕವ್ರತ ನಡೀತಿದೆ. ಈ ತಿಂಗಳು ತರಕಾರಿ ಹೊಸಿಲು ದಾಟೋ ಹಾಗಿಲ್ಲ."

"ತಿನ್ನೋಕಲ್ಲ, ನುಡಿಸೋಕೆ," ಎಂದರು ನಮ್ಮವರು.

"ನುಡಿಸಿದ್ಮೇಲೆ ಏನ್ಮಾಡ್ತೀರಿ?"

ಧರ್ಮರಾಜು ಮಂಕರಿಯನ್ನು ಹೊಸಿಲಾಚೆಯೇ ಇಳಿಸಿದರು. ನಾನೂ ಅದೇ ವ್ರತ ಹಿಡಿದು ದಿನಾ ಬರೀ ತೊವ್ವೆ ಉಣ್ಣುತ್ತಿದ್ದವಳು. ವಾದ್ಯಕ್ಕೂ ವ್ರತ ತಟ್ಟುತ್ತದೆ ಎಂದು ಹೊಳೆದೇ ಇರಲಿಲ್ಲ. ಮನೆಗೆ ಓಡಿ ಗೋಧಿಹಿಟ್ಟಿಗೆ ಉಪ್ಪು ಹಾಕಿ ಕಲಸಿ, ಎಂಟು ಉಂಡೆ ಕಟ್ಟಿ ತಂದೆ. ಉಪ್ಪು, ನೀರು ಇದ್ದರೆ ಕರೆಂಟಿಗೆ ಹಿಟ್ಟೂ ಒಂದೇ, ಬದನೆಕಾಯಿಯೂ ಒಂದೇ ಎಂದು ನಮ್ಮವರು ಮೊಳೆ ಚುಚ್ಚಿ ಪರೀಕ್ಷಿಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಜೋಡಿಸಿ ವೇದಿಕೆಯ ಮೇಜಿನ ಮೇಲಿಟ್ಟು ಮಕ್ಕಳನ್ನು ಕರೆಯಲು ಹೋದರು.

ರಮ್ಯಾ ಕೂತಳು. ಸ, ರಿ, ಗ, ಮ ಡಬ್ಬಿಯಿಂದ ಸರಿಯಾಗಿ ಬಂದವು. ಮುಂದಕ್ಕೆ ಹೋದ ಬೆರಳು ಬರಿ ತಟ್ಟೆಗೆ ಬಡಿಯಿತು. ಪಂಚಮದ ಉಂಡೆಯೇ ಇಲ್ಲ. ಅದರ ವೈರು ಮೇಜಿನ ಕೆಳಗೆ ಜೋತಾಡುತ್ತಿತ್ತು. ನಮ್ಮವರು ಮೇಜಿನಡಿ ನುಗ್ಗಿದರು. ಹೋಯಿತು, ಈ ಮಗು ಇನ್ನು ನನ್ನ ಹಜಾರಕ್ಕೆ ಬರುವುದಿಲ್ಲ ಎಂದುಕೊಂಡೆ.

ಪಕ್ಕದಲ್ಲಿದ್ದ ಬದರೀನಾರಾಯಣರು ಮೆಲ್ಲಗೆ ಹೇಳಿದರು: "ಮಠದ ಆಕಳಿಗೆ ಗೋಗ್ರಾಸ ಅಂತ ಒಂದು ಕೊಟ್ಟೆನಮ್ಮ. ಎಂಟಿತ್ತಲ್ಲ. ಮೊಳೆ ತೆಗೆದೇ ಕೊಟ್ಟೆ."

ನಾನೇ ಹಾಡಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ "ಪಾ" ಎಂದು ಒಂದು ಸಣ್ಣ ದನಿ ಎದ್ದಿತು. ಶ್ರುತಿ ಎಳ್ಳಷ್ಟೂ ಆಚೀಚೆ ಇಲ್ಲ. ಮಧ್ಯಮದಲ್ಲಿ ನಿಂತ ವರಸೆಯನ್ನು ಅಲ್ಲೇ ಬಿಟ್ಟು ಏಳಲು ಆ ಕಿವಿ ಒಪ್ಪಿರಲಿಲ್ಲ. ದ, ನಿ, ಸ ಡಬ್ಬಿಯವು. ಇಳಿಯುವಾಗ ಮತ್ತೆ ರಮ್ಯಾಳ "ಪಾ", ಈ ಸಲ ಜೋರಾಗಿ.

ಹಿಂದಿನ ಸಾಲಿನಲ್ಲಿ ಧರ್ಮರಾಜು ಎದ್ದು ನಿಂತಿದ್ದರು. "ಮೇಡಂ, ಅದು ಡಬ್ಬೀನಾ, ನಮ್ಮ ಮಗೂನಾ?"

ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ.

ಮುಂದಿನ ಪಾಠದ ದಿನ ನಮ್ಮವರು ಉತ್ಸಾಹದಿಂದ ಮತ್ತೆ ಎಂಟು ಉಂಡೆ ಜೋಡಿಸಿಟ್ಟಿದ್ದರು. ರಮ್ಯಾ ಬಂದವಳೇ ತಟ್ಟೆ ನೋಡಿದಳು. ಒಂದೊಂದಾಗಿ ಮೊಳೆ ಕಿತ್ತು ಪಕ್ಕಕ್ಕಿಟ್ಟು, ಉಂಡೆಗಳನ್ನೆಲ್ಲ ಲಂಗದ ಮಡಿಲಿಗೆ ಹಾಕಿಕೊಂಡಳು.

"ಆಕಳಿಗೆ ಕೊಟ್ಬರ್ತೀನಿ ಮಿಸ್," ಎಂದಳು. "ಅಷ್ಟರಲ್ಲಿ ನೀವು ಶ್ರುತಿ ಹಾಕಿರಿ."