ಹೊಳೆದಾರಿಯ ಗೇಟು

ಹಕ್ಕಿ ನೋಡಲು ವಾರವಾರವೂ ತುಂಗೆಯ ದಡದಲ್ಲಿ ನಡೆಯುವುದು ಸುಮಿತ್ರಮ್ಮನ ರೂಢಿ. ಆ ಸೋಮವಾರ ಬೆಳಿಗ್ಗೆ ಹೋದರೆ ಕಾಲುದಾರಿಗೆ ಗೇಟು ಬಂದಿತ್ತು. ಹೊಸ ಹೋಂಸ್ಟೇಯ ಪ್ರಸನ್ನಕುಮಾರ ಅಡ್ಡ ನಿಂತಿದ್ದ.

“ಇನ್ನು ನಮ್ಮ ಗೆಸ್ಟುಗಳಿಗೆ ಮಾತ್ರ, ಸುಮಿತ್ರಕ್ಕ. ಕಾಗೆ, ಗುಬ್ಬಿ ನಿಮ್ಮ ಅಂಗಳದಲ್ಲೂ ಇದಾವಲ್ಲ!”

ದಂಡೆಯ ಮಣ್ಣಿನ ಬಿಲದಿಂದ ಮಿಂಚುಳ್ಳಿಯ ಮರಿಗಳು ಇಂದೋ ನಾಳೆಯೋ ಹಾರುವುದಿತ್ತು. ಸುಮಿತ್ರಮ್ಮ ಮನೆಗೆ ತಿರುಗಿದರು. ಮಿಂದು, ಮಡಿಯುಟ್ಟು, ತಾಮ್ರದ ಕೊಡ ಹಿಡಿದು ಮತ್ತೆ ಬಂದರು.

“ಶಿವನ ಅಭಿಷೇಕಕ್ಕೆ ಹೊಳೆನೀರು ಬೇಕು. ತಡೀತೀಯೇನು?”

ಮಡಿಯಲ್ಲಿ ನೀರಿಗೆ ಹೊರಟವರಿಗೆ ಅಡ್ಡ ಬರುವ ಧೈರ್ಯ ಆ ಊರಲ್ಲಿ ಯಾರಿಗಿದೆ? ಪ್ರಸನ್ನಕುಮಾರ ಗೇಟು ತೆರೆದ. ಅವನ ಕಣ್ಣೆದುರೇ ಸುಮಿತ್ರಮ್ಮ ಕೊಡದೊಳಗಿಂದ ಬೈನಾಕ್ಯುಲರ್ ತೆಗೆದು ಕೊರಳಿಗೆ ಹಾಕಿಕೊಂಡು ನಡೆದರು.

ಹೊತ್ತು ನೆತ್ತಿಗೇರಿದಾಗ ನೀಲಿ ಮರಿಯೊಂದು ಬಿಲದಿಂದ ಹಾರಿ ಆಚೆಯ ಕೊಂಬೆ ಸೇರಿತು. ಸುಮಿತ್ರಮ್ಮ ಕೈಮುಗಿದರು, ಆಮೇಲೆ ನೀರು ತುಂಬಿಕೊಂಡರು.

“ಒಂದು ಕೊಡ ನೀರಿಗೆ ಇಷ್ಟು ಹೊತ್ತಾ?” ಪ್ರಸನ್ನಕುಮಾರ ಸಿಡುಕಿದ.

“ಇನ್ನೂ ಮೂರು ಮರಿ ಬಾಕಿ ಇದಾವೆ ಮಾರಾಯ. ನಾಳೆಯೂ ಅಭಿಷೇಕ ಉಂಟು. ಕೇರಿಯ ಹೆಂಗಸರನ್ನೆಲ್ಲ ಕರ್ಕೊಂಡೇ ಬರ್ತೀನಿ.”

ತುಂಬಿದ ಕೊಡ ಸೊಂಟದಲ್ಲಿತ್ತು. ಗೇಟು ಮುಚ್ಚಲು ಸುಮಿತ್ರಮ್ಮನಿಗೆ ಕೈ ಬಿಡುವಿರಲಿಲ್ಲ, ಮನಸ್ಸೂ ಇರಲಿಲ್ಲ.