ಮಾದರಿ ಹಾಳೆ

ಅಕ್ಕನ ಅಕ್ಷರ ನೋಡಿದವರು, ಇದೇನು ಅಚ್ಚು ಹಾಕಿದ್ದಾ ಅಂತ ಒಮ್ಮೆ ಬೆರಳಾಡಿಸಿ ನೋಡದೆ ಬಿಟ್ಟಿದ್ದಿಲ್ಲ. ಔಷಧಿ ಕಾರ್ಖಾನೆಯಲ್ಲಿ ಅವಳಿಗೆ ಹೆಸರು ತಂದುಕೊಟ್ಟಿದ್ದೇ ಆ ಅಕ್ಷರ. ಜೀವಕೋಶಗಳನ್ನು ಮಕ್ಕಳ ಹಾಗೆ ಸಾಕಿ, ಅವುಗಳ ಕೈಲಿ ಔಷಧಿ ಮಾಡಿಸಿಕೊಳ್ಳುವ ಕಾರ್ಖಾನೆ ಅದು. ಎಷ್ಟು ಹೊತ್ತಿಗೆ ಯಾರು ಏನು ಮಾಡಿದರು ಅನ್ನುವುದನ್ನು ಮಾಡಿದವರೇ ಆಗಿಂದಾಗಲೇ ಬರೆದು ಸಹಿ ಹಾಕಬೇಕು. ಅಕ್ಕ ಬರೆದ ಒಂದು ಹಾಳೆಯ ನಕಲನ್ನು, ಹೆಸರಿನ ಮೇಲೆ ಚೀಟಿ ಅಂಟಿಸಿ, ಕೆಲಸ ಕೇಳಿ ಬಂದವರಿಗೆಲ್ಲ ಮಾದರಿಯೆಂದು ತೋರಿಸುತ್ತಿದ್ದರು. ಈ ಸುದ್ದಿ ವರ್ಷವಾದರೂ ಮನೆಯಲ್ಲಿ ಹಳತಾಗಿರಲಿಲ್ಲ.

"ನನ್ನ ಹಾಳೆ ಕೊಟ್ರೆ ಹಲ್ಲು ಕಿರೀಬೇಡ," ಅಂದಿದ್ದಳು ಅಕ್ಕ ಬೆಳಿಗ್ಗೆ, ತಂಗಿಯ ಕಾಲರ್ ನೆಟ್ಟಗೆ ಮಾಡುತ್ತಾ. "ಇದ್ದಿದ್ದನ್ನ ಇದ್ದ ಹಾಗೆ ಓದು. ಕಥೆ ಕಟ್ಟಬೇಡ. ಅಜ್ಜಿ ಮಗ್ಗುಲಲ್ಲಿ ಮಲಗಿ ಕಥೆ ಕೇಳಿ ಕೇಳಿ ಕೆಟ್ಟು ಕೂತಿದೀಯ."

"ಅವ್ರೇ ಕಥೆ ಹೇಳು ಅಂದ್ರೆ?"

"ಅನ್ನಲ್ಲ. ಅದು ಇಂಟರ್ವ್ಯೂ ಕಣೆ, ತಾಯಿ."

ಆದರೆ ಅವರು ಹಾಗೇ ಅಂದರು. ಅದೇ ಆಗಿದ್ದು.

ತಂಗಿಗೆ ಇದು ನಾಲ್ಕನೇ ಇಂಟರ್ವ್ಯೂ. ಹಿಂದಿನ ಮೂರರಲ್ಲೂ ಕಿಟಕಿಯಾಚೆ ಎಲ್ಲೋ ಕಣ್ಣು ನೆಟ್ಟು, ಪ್ರಶ್ನೆಯನ್ನೇ ಕೇಳಿಸಿಕೊಳ್ಳದೆ ಎದ್ದು ಬಂದಿದ್ದಳು. ಇದೂ ಕೈಬಿಟ್ಟರೆ ಮನೆಯಲ್ಲಿ ಅವಳ ಓದಿನ ಮಾತೆತ್ತುವ ಹಾಗಿರಲಿಲ್ಲ. ಅಕ್ಕನ ಕಾರ್ಖಾನೆಯ ಈ ಕೋಣೆಯಲ್ಲಿ ಕಿಟಕಿಯ ಬದಲು ಒಂದು ಗಾಜಿನ ಗೋಡೆ. ಅದರಾಚೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟು, ಕಣ್ಣಷ್ಟೇ ಕಾಣುವ ಜನ ನೀರೊಳಗೆ ನಡೆದಂತೆ ಮೆಲ್ಲಗೆ ಓಡಾಡುತ್ತಿದ್ದರು. ಮೇಜಿನ ಆ ಬದಿಗೆ ಇಬ್ಬರು: ನಗುಮುಖದ, ಹೊಟ್ಟೆ ಬಂದ ಪ್ರೊಡಕ್ಷನ್ ಮ್ಯಾನೇಜರು, ಮತ್ತು ಕನ್ನಡಕವನ್ನು ಹಣೆಗೇರಿಸಿಕೊಂಡ ಗುಣಮಟ್ಟ ವಿಭಾಗದ ಮೇಡಂ.

"ಅಕ್ಕನ ಹಾಗೆ ನೀವೂ ಮುತ್ತು ಪೋಣಿಸ್ತೀರೋ?" ಅಂದರು ಮ್ಯಾನೇಜರು.

"ನನ್ನದು ಕೋಳಿ ಕೆದಕಿದ ಹಾಗಿರುತ್ತೆ ಸರ್."

ಮ್ಯಾನೇಜರು ಹೊಟ್ಟೆ ಕುಣಿಸಿ ನಕ್ಕರು. ಮೇಡಂ ಹಾಳೆಯನ್ನು ಮುಂದೆ ತಳ್ಳಿದರು. "ಎಲ್ಲರೂ ಇದನ್ನ ಗಿಣಿಪಾಠದ ಹಾಗೆ ಮೇಲಿಂದ ಕೆಳಗೆ ಓದಿ ಮುಗಿಸ್ತಾರೆ. ನೀವು ಓದಬೇಡಿ. ಆವತ್ತು ಆ ತೊಟ್ಟಿ ಹತ್ರ ಏನೇನಾಯ್ತು ಅಂತ ಕಥೆ ಹೇಳಿದ ಹಾಗೆ ಹೇಳಿ."

ತಂಗಿಗೆ ಜೀವ ಬಂದ ಹಾಗಾಯಿತು. ಅಜ್ಜಿಯ ಕಥೆಗೆ ಒಂದೇ ಕಟ್ಟಳೆ: ಮೊದಲು ಆದದ್ದು ಮೊದಲು, ಆಮೇಲೆ ಆದದ್ದು ಆಮೇಲೆ. ಹಾಳೆಯಲ್ಲಿ ಗಂಟೆಗೊಂದು ಸಾಲು, ಅಕ್ಕನ ಕೈಯದು. ಕೆಳಗೆ ಷರಾ ಅನ್ನುವ ಜಾಗದಲ್ಲಿ ಯಂತ್ರ ರಿಪೇರಿಯವನ ಸೊಟ್ಟ ಅಕ್ಷರ. ಎರಡನ್ನೂ ಹೊತ್ತಿನ ಪ್ರಕಾರ ಹೆಣೆಯುತ್ತಾ ಹೊರಟಳು.

"ಕೋಶಗಳಿಗೆ ಉಣಿಸೋ ದ್ರವನ ತೊಟ್ಟಿಗೆ ತುಂಬಿದ್ದಾಯ್ತು. ಹುಳಿ ಎಷ್ಟಿದೆ ಅಂತ ಒಳಗೆ ಇಳಿಬಿಟ್ಟ ಅಳತೆ ಕಡ್ಡಿ, ಪ್ರೋಬ್, ಹೇಳ್ತಾ ಇತ್ತು. ಹತ್ತೂವರೆಗೆ ಏಳು ಪಾಯಿಂಟ್ ಸೊನ್ನೆ ಎರಡು. ಹನ್ನೊಂದೂವರೆಗೂ ಅಷ್ಟೇ, ಒಂದು ಚೂರೂ ಅಲ್ಲಾಡಿಲ್ಲ. ಹನ್ನೆರಡು ಹತ್ತಕ್ಕೆ ರಿಪೇರಿಯವನು ಬಂದು ಪ್ರೋಬನ್ನ ತೊಟ್ಟಿಯಿಂದ ಕಿತ್ತು ಹೊರಗಿಟ್ಟ. ಆಮೇಲೆ ಹನ್ನೆರಡೂವರೆಗೆ..."

ಅವಳು ಷರಾದ ಸಾಲನ್ನು ಇನ್ನೊಮ್ಮೆ ಓದಿದಳು.

ಹನ್ನೆರಡೂವರೆಗೆ ಏಳು ಪಾಯಿಂಟ್ ಸೊನ್ನೆ ಎರಡು. ಪಕ್ಕದಲ್ಲಿ ಅಕ್ಕನ ಸಹಿ, ಬಾಲ ಸುರುಳಿ ಸುತ್ತಿದ ಬಸವನಹುಳದಂಥದ್ದು. ರಿಪೇರಿಯವನು ಪ್ರೋಬನ್ನು ಮರಳಿ ಹಾಕಿದ್ದು ಒಂದು ಗಂಟೆ ಐದು ನಿಮಿಷಕ್ಕೆ.

ಇಲ್ಲದ ಪ್ರೋಬು ಹೇಳಿದ್ದು ಯಾರಿಗೆ? ಬರೆದದ್ದು ಯಾವುದನ್ನ ನೋಡಿ?

"ಆಮೇಲೆ?" ಅಂದರು ಮ್ಯಾನೇಜರು. ಅವರಿಗೇನೂ ಹೊಳೆದಿರಲಿಲ್ಲ.

"ಆಮೇಲೆ... ಒಂದು ಐದಕ್ಕೆ ಪ್ರೋಬ್ ವಾಪಸ್ ಹಾಕಿದರು. ಒಂದೂವರೆಗೆ..."

"ಹನ್ನೆರಡೂವರೆ ನುಂಗಿಬಿಟ್ರಲ್ಲ," ಅಂದರು ಮೇಡಂ ನಗುತ್ತಾ. "ಅದನ್ನೂ ಹೇಳಿ."

ಅಂಕಿ ಹೇಳಿ ದಾಟಿಬಿಡಬಹುದಿತ್ತು. ವರ್ಷವಿಡೀ ಇದನ್ನು ಓದಿದವರೆಲ್ಲ ದಾಟಿದ್ದರು. ಬಾಯಿ ತೆರೆದದ್ದೂ ದಾಟಲಿಕ್ಕೇ.

"ಅದನ್ನ ಅಳೆದಿಲ್ಲ ಮೇಡಂ."

ಪಕ್ಕದಲ್ಲಿ ಕೂತ ಇನ್ಯಾರೋ ಅಂದ ಹಾಗೆ ಅದು ಅವಳ ಕಿವಿಗೇ ಬಿತ್ತು.

ಮೇಡಂ ಕನ್ನಡಕ ಕೆಳಗಿಳಿಸಿದರು. ಹಾಳೆಯನ್ನು ತಮ್ಮತ್ತ ತಿರುಗಿಸಿ, ಒಂದು ಬೆರಳು ಅಕ್ಕನ ಸಾಲಿನ ಮೇಲೆ, ಇನ್ನೊಂದು ಷರಾದ ಮೇಲೆ ಇಟ್ಟರು. ಬೆರಳುಗಳು ಎಷ್ಟು ಹೊತ್ತಾದರೂ ಕದಲಲಿಲ್ಲ. "ಇದನ್ನ ಆರಿಸಿದ್ದು ನಾನು," ಅಂದರು ಕೊನೆಗೆ, ಮ್ಯಾನೇಜರಿಗೂ ಅಲ್ಲ, ಅವಳಿಗೂ ಅಲ್ಲ. ಮ್ಯಾನೇಜರ ಮುಖ ಬಿಳಿಚಿಕೊಂಡಿತ್ತು. "ಆ ಔಷಧಿ...?"

"ಕೊನೆಯ ಪರೀಕ್ಷೆಗಳಲ್ಲಿ ಪಾಸಾಗೇ ಹೊರಗೆ ಹೋಗಿದೆ. ಆದ್ರೆ ಈ ಕೈ ಬರೆದ ಒಂದೊಂದು ಹಾಳೇನೂ ಇನ್ನು ಕೆದಕಬೇಕು. ಕರೀರಿ ಅವಳನ್ನ."

ಅಕ್ಕ ಬಂದಳು. ಟೋಪಿಯ ಎಲಾಸ್ಟಿಕ್ ಹಣೆಯ ಮೇಲೆ ಕೆಂಪು ಗೆರೆ ಮೂಡಿಸಿತ್ತು. ಮುಖದ ತುಂಬ ನಗು.

"ಸಿಕ್ತಾ?"

ಮೇಡಂ ಹಾಳೆಯನ್ನು ತೋರಿಸಿದರು. ಅಕ್ಕ ಬಗ್ಗಿ ನೋಡಿದಳು. ನಗು ತುಟಿಯ ಮೇಲೇ ಒಣಗಿಹೋಯಿತು. ಮಾದರಿಯೆಂದು ತೋರಿಸುತ್ತಿದ್ದದ್ದು ಇದೇ ಹಾಳೆಯೆಂದು ಅವಳಿಗೆ ಗೊತ್ತಿರಲಿಲ್ಲ. ಯಾವ ಹಾಳೆ ಅಂತ ಅವಳು ಕೇಳಿಯೂ ಇರಲಿಲ್ಲ.

"ಪ್ರೋಬ್ ಇರಲಿಲ್ಲ ಅಂತಲೇ ಬರೀಬಹುದಿತ್ತಲ್ಲಮ್ಮ?" ಅಂದರು ಮೇಡಂ. "ಯಾರೂ ಏನೂ ಅಂತಿರಲಿಲ್ಲ."

"ಹೌದು ಮೇಡಂ." ಅಕ್ಕನ ದನಿ ಬಾವಿಯ ತಳದಿಂದ ಬಂದಂತಿತ್ತು. "ಮೇಲೂ ಅದೇ ಅಂಕಿ ಇತ್ತು. ಅಷ್ಟು ಚೆಂದ ತುಂಬಿದ ಹಾಳೆ... ಒಂದು ಮನೆ ಖಾಲಿ ಬಿಡೋಕೆ ಕೈ ಬರಲಿಲ್ಲ."

ತಂಗಿಯತ್ತ ತಿರುಗಿದಳು. "ನೀನು ಕಂಡುಹಿಡಿದ್ಯಾ?"

"ಹೂಂ ಅಕ್ಕ."

ಅಕ್ಕ ಜೇಬಿನಿಂದ ಪೆನ್ನು ತೆಗೆದಳು. ತಪ್ಪನ್ನು ಗೀಚಿ ಅಳಿಸುವ ಹಾಗಿಲ್ಲ ಅಲ್ಲಿ. ಹಳೆಯದು ಓದಲಿಕ್ಕೆ ಸಿಗುವಂತೆ ಒಂದೇ ಗೆರೆ ಎಳೆಯಬೇಕು. ಆ ನಕಲಿನ ಮೇಲೆಯೇ ಅಂಕಿಗೆ ಗೆರೆ ಎಳೆದು, ಪಕ್ಕದಲ್ಲಿ 'ಅಳೆದಿಲ್ಲ' ಎಂದು ಬರೆದು, ಇವತ್ತಿನ ತಾರೀಖು, ಸಹಿ ಹಾಕಿದಳು. ಅಕ್ಷರ ಆಗಲೂ ಮುತ್ತಿನ ಹಾಗೇ ಇತ್ತು.

"ನೀವು ಸೋಮವಾರದಿಂದ ಬನ್ನಿ," ಅಂದರು ಮೇಡಂ ತಂಗಿಗೆ. ಅಕ್ಕನಿಗೆ ಹೇಳುವಾಗ ಮೇಜನ್ನು ನೋಡುತ್ತಿದ್ದರು. "ನೀನು ನಾವು ಕರೆಯೋ ತನಕ ಬರಬೇಡ. ಕರೀತೀವೋ ಇಲ್ವೋ ನನಗೂ ಗೊತ್ತಿಲ್ಲ."

ಗೇಟು ದಾಟಿ ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಬಸ್ಸು ಬಂತು, ಹತ್ತಬೇಕೆಂದು ಇಬ್ಬರಿಗೂ ತೋಚಲಿಲ್ಲ. ಅದು ಹೊಗೆಯುಗುಳಿ ಹೋಯಿತು.

"ನಾನು ಹೋಗಲ್ಲ ಅಕ್ಕ, ಸೋಮವಾರ."

"ಹೋಗದೆ? ಇಬ್ಬರೂ ಮನೇಲಿ ಕೂತು ಗೋಡೆ ನೋಡೋಣ್ವಾ?" ಅಕ್ಕ ರಸ್ತೆಯನ್ನೇ ನೋಡುತ್ತಿದ್ದಳು. "ಬಿಳಿ ಬಟ್ಟೆಗೆ ಅಳತೆ ಕೇಳ್ತಾರೆ. ಮೀಡಿಯಂ ಅನ್ನಬೇಡ, ತೋಳು ಗಿಡ್ಡ ಆಗುತ್ತೆ."