ತಿಮ್ಮವ್ವನ ಕೋಲು

ನಾನು ಹಟ್ಟಿಯ ಹುಡುಗಿ. ಅಪ್ಪ ಚಿನ್ನದ ಗಣಿಯಲ್ಲಿ ಶಿಫ್ಟ್ ದುಡಿದು ನನ್ನನ್ನು ಸಿವಿಲ್ ಎಂಜಿನಿಯರಿಂಗ್ ಓದಿಸಿದರು. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂಬ ಜಂಬ ಮೊದಲಿನಿಂದಲೂ ಇತ್ತು. ಹೋದ ನವೆಂಬರಿನಲ್ಲಿ ಡೆನ್ಮಾರ್ಕಿನಿಂದ ಆರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಸ್ಕಿ ಹತ್ತಿರದ ಹಳ್ಳಿಯೊಂದಕ್ಕೆ ಹನಿ ನೀರಾವರಿ ಮಾಡಿಕೊಡಲು ಬಂದರು. ಅವರಿಗೂ ಊರಿಗೂ ನಡುವೆ ಮಾತು ದಾಟಿಸುವ ಕೆಲಸ ನನಗೆ ಸಿಕ್ಕಿತು. ಅವರ ಮುಂದಾಳು ಕ್ಲಾರಾ ಎಲ್ಲರೆದುರು, "ಸುಕನ್ಯಾ ಇದ್ದರೆ ನಮಗೆ ತೊಂದರೆಯೇ ಇಲ್ಲ" ಅಂದಳು. ನಾನು ಉಬ್ಬಿಹೋದೆ.

ಹೊಲ ತಿಮ್ಮವ್ವನದು. ಐವರು ಹೆಂಗಸರು ಸೇರಿ ಅಲ್ಲಿ ಬದನೆ ಬೆಳೆಯುತ್ತಿದ್ದರು. ಬೇಸಿಗೆಯಲ್ಲಿ ಬಾವಿಯಿಂದ ಕೊಡ ಹೊತ್ತು ಗಿಡಗಳಿಗೆ ಹಾಕಬೇಕಿತ್ತು. ಬಾವಿಯ ನೀರನ್ನು ಸಿಮೆಂಟ್ ತೊಟ್ಟಿಗೆ ಏರಿಸಿ ಅಲ್ಲಿಂದ ಸಾಲುಸಾಲಿಗೆ ಪೈಪು ಬಿಡುವುದೆಂದು ತೀರ್ಮಾನವಾಯಿತು.

ತೊಟ್ಟಿಯ ಪಾಯ ಅರ್ಧ ತೋಡಿದ್ದಾಗ ತಿಮ್ಮವ್ವ ಕೋಲೂರಿಕೊಂಡು ಬಂದಳು.

"ಇಲ್ಲಿ ಬ್ಯಾಡವ್ವ. ಇದು ಎರಿ ನೆಲ. ಈಗ ಹಸಿ ಅದ, ಸುಮ್ಮನದ. ಬ್ಯಾಸಗ್ಯಾಗ ಬಾಯಿ ಬಿಡ್ತದ, ಈ ಕೋಲು ಪೂರಾ ಇಳೀತದ. ಆ ಬದುವಿನಾಚಿಗಿ ಗಟ್ಟಿ ಗರಸು ನೆಲ ಅದ, ಬಿರಿಯಂಗಿಲ್ಲ, ಅಲ್ಲಿ ಕಟ್ರಿ ಅಂತ ಹೇಳು ಅವರಿಗಿ."

ಅವಳ ಮಾತು ನಿಜ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ ಎಂದು ಪರೀಕ್ಷೆಯಲ್ಲಿ ನಾನೇ ಎರಡು ಪುಟ ಬರೆದಿದ್ದೆ. ಆದರೆ ಜಾಗ ಗುರುತಿಸಿದಾಗ ಹೂಂ ಅಂದವಳೂ ನಾನೇ. ಅವರು ಹೊರಡಲು ಹತ್ತೇ ದಿನ ಉಳಿದಿತ್ತು. ಅದೆಲ್ಲ ನೆಪ ಬಿಡಿ, ಕ್ಲಾರಾಳ ಮುಂದೆ ತಲೆ ತಗ್ಗಿಸಲು ನನಗೆ ಆಗಲಿಲ್ಲ.

"ಏನಂತೆ?" ಕ್ಲಾರಾ ಕೇಳಿದಳು.

"ಬೇಗ ಮುಗಿಯಲಿ ಅಂತಿದ್ದಾಳೆ," ಎಂದೆ.

ಮರುದಿನವೂ ಅಲ್ಲೇ ತೋಡುತ್ತಿರುವುದನ್ನು ಕಂಡು ತಿಮ್ಮವ್ವ ನನ್ನ ಮುಖ ನೋಡಿದಳು. "ಹೇಳೀನಿ ಯವ್ವಾ. ಅವರು ಎಲ್ಲಾ ನೋಡ್ಯಾರಂತ, ಏನೂ ಆಗಂಗಿಲ್ಲಂತ," ಎಂದು ಅವಳ ಬಾಯಿಯನ್ನೂ ಮುಚ್ಚಿಸಿದೆ.

ಮೇ ತಿಂಗಳಲ್ಲಿ ಮನಸ್ಸು ತಡೆಯದೆ, ಲಿಂಗಸುಗೂರಿನಲ್ಲಿ ಸಿಂಧನೂರಿನ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದೆ. ತೊಟ್ಟಿ ಮೇಲಿನಿಂದ ಬುಡದವರೆಗೆ ಸೀಳಿತ್ತು. ಪೈಪುಗಳು ಒಣಗಿ ಬಿದ್ದಿದ್ದವು. ಅರ್ಧ ಬದನೆ ಸತ್ತಿತ್ತು, ಉಳಿದ ಸಾಲುಗಳಿಗೆ ಹೆಂಗಸರು ಮತ್ತೆ ಕೊಡ ಹೊರುತ್ತಿದ್ದರು.

ತಿಮ್ಮವ್ವ ತನ್ನ ಕೊಡ ಇಳಿಸಿ, ತೊಟ್ಟಿಯ ಪಕ್ಕದ ಬಿರುಕಿಗೆ ಕೋಲು ಇಳಿಬಿಟ್ಟಳು. ಹಿಡಿಕೆ ಮಾತ್ರ ಮೇಲೆ ಉಳಿಯಿತು.

"ಪಾಪ, ಪರದೇಶದ ಹುಡುಗ್ರು. ನಮ್ಮ ನೆಲ ಅವರಿಗೇನ್ ಗೊತ್ತು? ನೀನರ ಹೇಳಿದ್ದಿ, ಅವರು ಕೇಳಲಿಲ್ಲ. ನೀ ಮನಸಿಗಿ ಹಚ್ಚಿಕೊಬ್ಯಾಡವ್ವ."

ನಿಜ ಹೇಳಲೆಂದೇ ಅಷ್ಟು ದೂರ ಬಂದಿದ್ದೆ. ಬಾಯಿ ತೆರೆದೆ.

"ಹೂಂ, ಯವ್ವಾ," ಎಂದೆ.

"ಬಿಸಲಾಗ ಬಂದೀದಿ, ನೀರು ಕುಡಿ," ಎಂದು ಬದನೆಗೆ ಹೊತ್ತು ತಂದಿದ್ದ ಕೊಡವನ್ನು ನನ್ನ ಬೊಗಸೆಗೆ ಬಗ್ಗಿಸಿದಳು. ನಾಚಿಕೆಗೆಟ್ಟ ನಾನು ಅದನ್ನೂ ಕುಡಿದೆ.